ಬಂದೂಕಿನ ಬುಡಕ್ಕೆ ಅಗುಳಿ

ವಿಜಯಪುರದ ಪಶ್ಚಿಮ ಕೋಟೆಗೋಡೆಯ ಷರ್ಜಾ ಬುರುಜಿನ ಮೇಲಿರುವ ಮಲಿಕ್-ಎ-ಮೈದಾನ್ ತೋಪನ್ನು ನೋಡಲು ಹೋದವರ ಕಣ್ಣು ಮೊದಲು ಬೀಳುವುದು ಆನೆಯನ್ನು ನುಂಗುತ್ತಿರುವ ಸಿಂಹಮುಖದಂತೆ ಎರಕ ಹೊಯ್ದ ಅದರ ಬಾಯಿಯ ಮೇಲೆ. ಆದರೆ ಆಯುಧಗಳ ಯಂತ್ರಶಾಸ್ತ್ರವನ್ನು ಅಭ್ಯಾಸ ಮಾಡುವವರಿಗೆ ಹೆಚ್ಚು ಪಾಠ ಹೇಳುವುದು ಯಾರೂ ಅಷ್ಟಾಗಿ ಗಮನಿಸದ ಅದರ ಬುಡ. 1549ರಲ್ಲಿ ಅಹಮದ್‌ನಗರದಲ್ಲಿ ಮುಹಮ್ಮದ್ ಬಿನ್ ಹುಸೇನ್ ರೂಮಿ ಎಂಬ ಎರಕದವನು ಹೊಯ್ದ, 1632ರಲ್ಲಿ ಪರಾಂಡಾ ಕೋಟೆಯಿಂದ ವಿಜಯಪುರಕ್ಕೆ ಎಳೆದು ತರಲಾದ, ಸುಮಾರು 55 ಟನ್ ತೂಕದ ಈ ತೋಪಿನ ಹಿಂತುದಿಯು ಮದ್ದಿಗೆ ಕಿಡಿ ಮುಟ್ಟಿಸುವ ಒಂದು ಸಣ್ಣ ಕಿವಿಯ ಹೊರತಾಗಿ ಸಂಪೂರ್ಣ ಮುಚ್ಚಿಕೊಂಡಿದೆ. ಮದ್ದು, ಗುಂಡು, ಎರಡರ ನಡುವಿನ ತುರುಕು, ಎಲ್ಲವೂ ಸುಮಾರು 70 ಸೆಂಟಿಮೀಟರ್ ಅಗಲದ ಬಾಯಿಂದಲೇ ಒಳಗೆ ಹೋಗಬೇಕು; ಒಮ್ಮೆ ಹಾರಿಸಿದ ಮೇಲೆ ನಳಿಗೆಯನ್ನು ಒರೆಸಿ, ಆರಿಸಿ, ಮತ್ತೆ ಬಾಯಿಂದಲೇ ತುಂಬಬೇಕು. ನಗರದೊಳಗಿನ ಉಪ್ಪಲಿ ಬುರುಜಿನ ಮೇಲಿರುವ, ಕಬ್ಬಿಣದ ಪಟ್ಟಿಗಳನ್ನು ಉದ್ದುದ್ದ ಜೋಡಿಸಿ ಮೇಲೆ ಬಳೆ ತೊಡಿಸಿ ಬೆಸೆದ ಒಂಬತ್ತು ಮೀಟರಿಗೂ ಉದ್ದದ ತೋಪಿನ ಕಥೆಯೂ ಇದೇ.

ಹಿಂದಿನಿಂದ ತುಂಬಿದರೆ ಕೆಲಸ ಸುಲಭವಾಗುತ್ತದೆ ಎಂಬುದು ಆ ಕಾಲದ ಎರಕದವರಿಗೆ ಹೊಳೆಯಲಿಲ್ಲವೆಂದಲ್ಲ. ಹದಿನಾರನೆಯ ಶತಮಾನದ ಪೋರ್ಚುಗೀಸ್ ಹಡಗುಗಳ ಅಂಚಿನಲ್ಲಿ ತಿರುಗುವ ಸಣ್ಣ ತೋಪುಗಳಿಗೆ ಬಿಯರಿನ ಹೂಜಿಯಂಥ ಬಿಡಿ ಮದ್ದಿನ ಕೋಣೆಗಳಿದ್ದವು. ಮೊದಲೇ ಮದ್ದು ತುಂಬಿಟ್ಟ ಕೋಣೆಯೊಂದನ್ನು ನಳಿಗೆಯ ಹಿಂದೆ ಕೂರಿಸಿ, ಅದು ಹಿಂದಕ್ಕೆ ಜಿಗಿಯದಂತೆ ಅಡ್ಡಲಾಗಿ ಒಂದು ಬೆಣೆ ಜಡಿದು ಹಾರಿಸುತ್ತಿದ್ದರು. ಕೆಲಸ ಬೇಗ ಆಗುತ್ತಿತ್ತು, ಆದರೆ ಕೋಣೆಗೂ ನಳಿಗೆಗೂ ನಡುವಿನ ಸಂದಿನಿಂದ ಬೆಂಕಿಯ ಹಬೆ ಸಿಡಿಯುತ್ತಿತ್ತು, ಮದ್ದಿನ ಬಲದ ಒಂದು ಪಾಲು ಅಲ್ಲೇ ಸೋರಿಹೋಗುತ್ತಿತ್ತು, ಹತ್ತಿರ ನಿಂತವನ ಮುಖಕ್ಕೂ ಅಪಾಯವಿತ್ತು. ಹೀಗಾಗಿ ದೊಡ್ಡ ತೋಪುಗಳಲ್ಲಿ ಬುಡವನ್ನು ತೆರೆಯುವ ಗೋಜಿಗೆ ಹೆಚ್ಚಿನವರು ಹೋಗಲಿಲ್ಲ. ಮುಂದಿನ ಮುನ್ನೂರು ವರ್ಷಗಳ ಬಂದೂಕಿನ ಇತಿಹಾಸವನ್ನು, ತುಸು ಉತ್ಪ್ರೇಕ್ಷೆಯೊಡನೆ, ಈ ಒಂದು ಸಂದನ್ನು ಮುಚ್ಚಲು ನಡೆದ ಪ್ರಯತ್ನದ ಇತಿಹಾಸವೆಂದು ಕರೆಯಬಹುದು. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಬಂದ ಎರಡು ಬಗೆಯ ರೈಫಲ್‌ಗಳು, ಅಂದರೆ ಒಂದು ಸಲಕ್ಕೆ ಒಂದೇ ತೋಟಾ ಹಿಡಿಯುವ ಒಂಟಿ ಗುಂಡಿನ ರೈಫಲ್ ಮತ್ತು ಕೈಹಿಡಿಯ ಕೆಳಗಿನ ಸನ್ನೆಕೋಲನ್ನು ಆಡಿಸಿ ಒಂದರ ಹಿಂದೊಂದು ತೋಟಾ ಒಳಸೇರಿಸುವ ಲಿವರ್ ಆಕ್ಷನ್ ರೈಫಲ್, ನೋಟಕ್ಕೂ ಒಳಗಿನ ರಚನೆಗೂ ಒಂದನ್ನೊಂದು ಅಷ್ಟು ಹೋಲುವುದಕ್ಕೆ ಕಾರಣ ಇಲ್ಲೇ ಇದೆ: ಎರಡೂ ಒಂದೇ ತೊಡಕಿಗೆ ಸಿಕ್ಕ ಒಂದೇ ಉತ್ತರದ ಎರಡು ರೂಪಗಳು.

ಆ ಉತ್ತರದ ಮೊದಲ ಅರ್ಧ ಹಿತ್ತಾಳೆಯ ತೋಟಾ. 1857ರ ನವೆಂಬರಿನಲ್ಲಿ ಮುಧೋಳ ಸೀಮೆಯ ಹಲಗಲಿಯ ಬೇಡರು ಆಯುಧ ಒಪ್ಪಿಸಬೇಕೆಂಬ ಕಂಪನಿ ಸರ್ಕಾರದ ಕಾಯಿದೆಗೆ ತಿರುಗಿಬಿದ್ದಾಗ ಈ ನಾಡಿನಲ್ಲಿ ಬಳಕೆಯಲ್ಲಿದ್ದ ಬಂದೂಕುಗಳು ಬಹುಪಾಲು ಬಾಯಿಂದ ಮದ್ದು ತುಂಬಿ ಗಜದ ಕೋಲಿನಿಂದ ಜಡಿಯುವಂಥವು. ಅದೇ ವರ್ಷ ಉತ್ತರ ಭಾರತದ ಸಿಪಾಯಿಗಳನ್ನು ಕೆರಳಿಸಿದ ಎನ್‌ಫೀಲ್ಡ್ ರೈಫಲಿನ ತೋಟಾ ಕೂಡ ಹಲ್ಲಿನಿಂದ ಕಚ್ಚಿ ಹರಿಯಬೇಕಾದ ಕಾಗದದ ಪೊಟ್ಟಣವೇ ಆಗಿತ್ತು. ಸುಮಾರು ಒಂಬತ್ತು ವರ್ಷ ಕಳೆಯುವುದರೊಳಗೆ, 1866ರ ಹೊತ್ತಿಗೆ, ಬ್ರಿಟಿಷ್ ಸೈನ್ಯದ ಎಡ್ವರ್ಡ್ ಬಾಕ್ಸರ್ ರೂಪಿಸಿದ ಲೋಹದ ತೋಟಾ ಹಿಂದಿನಿಂದ ತುಂಬುವ ಸ್ನೈಡರ್ ರೈಫಲ್‌ಗಳಿಗೆ ಬಂತು, ಅಮೆರಿಕದಲ್ಲೂ ಅಷ್ಟರಲ್ಲಿ ಲೋಹದ ತೋಟಾ ರೂಢಿಯಾಗಿತ್ತು. ಸುಮಾರು ಎಪ್ಪತ್ತು ಪಾಲು ತಾಮ್ರ, ಮೂವತ್ತು ಪಾಲು ಸತುವು ಬೆರೆತ ಹಿತ್ತಾಳೆಗೆ ಒಂದು ವಿಶೇಷ ಗುಣವಿದೆ: ಮದ್ದು ಹೊತ್ತಿಕೊಂಡ ಕ್ಷಣದಲ್ಲಿ ತೋಟಾದ ತೆಳುಗೋಡೆ ಉಬ್ಬಿ ನಳಿಗೆಯ ಗೋಡೆಗೆ ಒತ್ತಿಕೊಳ್ಳುತ್ತದೆ, ಹಬೆ ಹಿಂದಕ್ಕೆ ಬರಲು ಕೂದಲೆಳೆಯಷ್ಟೂ ಜಾಗ ಉಳಿಯುವುದಿಲ್ಲ, ಒತ್ತಡ ಇಳಿದೊಡನೆ ಅದೇ ಗೋಡೆ ತನ್ನ ಸ್ಥಿತಿಸ್ಥಾಪಕತೆಯಿಂದ, ಅಂದರೆ ಎಳೆತಕ್ಕೆ ಹಿಗ್ಗಿ ಮತ್ತೆ ತನ್ನ ಆಕಾರಕ್ಕೆ ಮರಳುವ ಗುಣದಿಂದ, ತುಸು ಕುಗ್ಗಿ ಸಡಿಲವಾಗುತ್ತದೆ, ಖಾಲಿ ತೋಟಾವನ್ನು ಹೊರಗೆಳೆಯಬಹುದು. ಮೂರು ಶತಮಾನ ಕಾಡಿದ ಸಂದನ್ನು ಬಂದೂಕು ಮಾಡುವವರಿಗಿಂತ ತೋಟಾ ಮಾಡುವವರೇ ಮುಚ್ಚಿದರೆಂಬುದು ಈ ಕ್ಷೇತ್ರದ ಜನಪ್ರಿಯ ಬರವಣಿಗೆಗಳಲ್ಲಿ ಸಾಮಾನ್ಯವಾಗಿ ಮರೆಯಾಗುವ ಮಾತು. ರೈಫಲ್‌ಗೆ ಸಂಶೋಧಕನ ಹೆಸರಿಡುತ್ತಾರೆ, ಹಿತ್ತಾಳೆಗೆ ಯಾರೂ ಹೆಸರಿಡುವುದಿಲ್ಲ.

ಸೋರಿಕೆ ನಿಂತಿತೆಂದ ಮಾತ್ರಕ್ಕೆ ಬುಡದ ಮೇಲಿನ ಒತ್ತಡ ಇಲ್ಲವಾಗುವುದಿಲ್ಲ. ಕರಿಮದ್ದಿನ ಕಾಲದ ಪ್ರಸಿದ್ಧ .45-70 ತೋಟಾದೊಳಗಿನ ಒತ್ತಡವನ್ನು ಚದರ ಸೆಂಟಿಮೀಟರಿಗೆ ಸುಮಾರು 2000 ಕಿಲೋಗ್ರಾಮ್ ಎಂದು ಹಿಡಿದರೆ, ತೋಟಾದ ಒಳತಳದ ವಿಸ್ತೀರ್ಣ ಒಂದು ಚದರ ಸೆಂಟಿಮೀಟರಿಗೆ ಹತ್ತಿರವಿರುವುದರಿಂದ, ಗುಂಡು ಹಾರುವ ಕ್ಷಣದಲ್ಲಿ ಬುಡವನ್ನು ಹಿಂದಕ್ಕೆ ತಳ್ಳುವ ಬಲ ಹೆಚ್ಚುಕಡಿಮೆ ಎರಡು ಟನ್ನಾಗುತ್ತದೆ. ಬುಡದ ಹಿಂದೆ ಒಂದು ಗೇಣು ದೂರದಲ್ಲಿ ಗುರಿಕಾರನ ಕೆನ್ನೆಯಿರುತ್ತದೆ ಎಂಬುದನ್ನು ನೆನೆದರೆ ಬುಡ ಮುಚ್ಚುವ ತುಂಡು ಎಂಥದಿರಬೇಕೆಂಬುದು ತಿಳಿಯುತ್ತದೆ. ಅದು ಪ್ರತಿ ಸಲವೂ ಸುಲಭವಾಗಿ ತೆರೆಯಬೇಕು, ಆದರೆ ತೆರೆಯಬಾರದ ಕ್ಷಣದಲ್ಲಿ ಎರಡು ಟನ್ ತಳ್ಳಿದರೂ ತೆರೆಯಬಾರದು.

ತಿಕೋಟಾ, ಬಬಲೇಶ್ವರ ಸೀಮೆಯ ಹಳೆಯ ವಾಡೆಗಳ ಹೆಬ್ಬಾಗಿಲನ್ನು ಬಲ್ಲವರಿಗೆ ಇದರ ತತ್ವ ಅಪರಿಚಿತವಲ್ಲ. ಅಂಥ ಬಾಗಿಲಿನ ಹಿಂದೆ ಗೋಡೆಯ ಒಂದು ಕಂಡಿಯಿಂದ ಇನ್ನೊಂದು ಕಂಡಿಗೆ ಜಾರುವ ದಪ್ಪ ಮರದ ಅಗುಳಿಯಿರುತ್ತದೆ. ಹೊರಗಿನಿಂದ ಹತ್ತು ಜನ ಭುಜಕೊಟ್ಟು ತಳ್ಳಿದರೂ ಅಗುಳಿ ಜಾರುವುದಿಲ್ಲ, ಏಕೆಂದರೆ ತಳ್ಳುವ ದಿಕ್ಕು ಒಂದು, ಅಗುಳಿ ಜಾರುವ ದಿಕ್ಕು ಇನ್ನೊಂದು, ಎರಡರ ನಡುವೆ ಲಂಬಕೋನವಿದೆ. ಜನರ ಬಲವೆಲ್ಲ ಅಗುಳಿಯ ಎರಡು ತುದಿಗಳ ಮೂಲಕ ಗೋಡೆಗೆ ಹೋಗುತ್ತದೆ. ಅಗುಳಿ ಆ ಬಲವನ್ನು ದಾಟಿಸುವ ಮಧ್ಯವರ್ತಿ ಮಾತ್ರ. ಅದೇ ಅಗುಳಿಯನ್ನು ಒಳಗಿರುವ ಹುಡುಗನೊಬ್ಬ ಪಕ್ಕಕ್ಕೆ ಸರಿಸಿ ಬಾಗಿಲು ತೆಗೆಯಬಲ್ಲ. ಇನ್ನೂ ಒಂದು ಮಾತಿದೆ: ಬಾಗಿಲು ಎಷ್ಟೇ ದಪ್ಪವಿದ್ದರೂ ಗೋಡೆಯ ಕಂಡಿ ಸವೆದಿದ್ದರೆ, ಅಗುಳಿ ಅದರಲ್ಲಿ ಸಡಿಲವಾಗಿ ಆಡುತ್ತಿದ್ದರೆ, ಪ್ರತಿ ನೂಕಿಗೂ ಬಾಗಿಲು ಬಡಿದುಕೊಳ್ಳುತ್ತದೆ, ಬಂದೂಕಿನಲ್ಲಿಯೂ ಹಾಗೆಯೇ, ಬುಡದ ತುಂಡಿಗೂ ತೋಟಾದ ತಳಕ್ಕೂ ನಡುವಿನ ಅಂತರ ಕೂದಲೆಳೆಯಷ್ಟು ಹೆಚ್ಚಾದರೂ ತೋಟಾ ಹಿಂದಕ್ಕೆ ಎಳೆದು ಹರಿಯುವ ಭಯವಿರುತ್ತದೆ. ಹಡಗಿನ ತೋಪಿಗೆ ಬೆಣೆ ಜಡಿಯುತ್ತಿದ್ದವರಿಗೂ ಈ ಅಡ್ಡಬಲದ ಗುಟ್ಟು ಗೊತ್ತಿತ್ತು. ಅವರ ಬಳಿ ಇಲ್ಲದಿದ್ದುದು ಸಂದು ಮುಚ್ಚುವ ಹಿತ್ತಾಳೆ.

ಅಮೆರಿಕದ ಕ್ರಿಶ್ಚಿಯನ್ ಶಾರ್ಪ್ಸ್ 1848ರಲ್ಲಿ ಹಕ್ಕುಪತ್ರ ಪಡೆದ ರೈಫಲ್ ಈ ಅಗುಳಿಯನ್ನು ಉಕ್ಕಿನ ಗಟ್ಟಿಯ ರೂಪದಲ್ಲಿ ಬಂದೂಕಿನೊಳಗೆ ತಂದಿತು. ಟ್ರಿಗರಿಗೆ ಕಾವಲಾಗಿರುವ ಬಳೆಯನ್ನೇ ಸನ್ನೆಕೋಲಾಗಿ ಮಾಡಿ, ಅದನ್ನು ಕೆಳಕ್ಕೆ ಎಳೆದಾಗ ಬುಡದ ಹಿಂದಿನ ಗಟ್ಟಿ ಚೌಕಟ್ಟಿನ ಎರಡು ತೋಡುಗಳೊಳಗೆ ಆ ಗಟ್ಟಿ ನೇರ ಕೆಳಗೆ ಜಾರುವಂತೆ, ಮೇಲಕ್ಕೆ ಮುಚ್ಚಿದಾಗ ಮತ್ತೆ ನಳಿಗೆಯ ಬುಡವನ್ನು ಅಡ್ಡಗಟ್ಟುವಂತೆ ಆತ ರಚಿಸಿದ. ಆರಂಭದಲ್ಲಿ ಕಾಗದದ ತೋಟಾ ಬಳಸಿದ್ದರಿಂದ ಹಬೆ ಸೋರುವ ಹಳೆಯ ರೋಗ ಉಳಿದಿತ್ತು. ಲೋಹದ ತೋಟಾ ಬಂದ ಮೇಲೆ ಅದೇ ರಚನೆ ಬಲಿಷ್ಠ ರೈಫಲ್‌ಗಳ ಸಾಲಿಗೆ ಸೇರಿತು. ಹೆನ್ರಿ ಪೀಬಾಡಿ 1862ರಲ್ಲಿ ಇನ್ನೊಂದು ದಾರಿ ಹಿಡಿದು, ಹಿಂದಿನ ತುದಿಯಲ್ಲಿ ಕೀಲಿರುವ, ಮುಂದಿನ ತುದಿ ಮಾತ್ರ ಕೆಳಗೆ ಬಾಗುವ ಗಟ್ಟಿಯನ್ನು ತಂದ. ಸ್ವಿಟ್ಜರ್ಲೆಂಡಿನ ಫ್ರೆಡ್ರಿಕ್ ಫಾನ್ ಮಾರ್ಟಿನಿ ಅದರ ಹೊರಗಿನ ಕುದುರೆಯನ್ನು, ಅಂದರೆ ಹಿಂದಕ್ಕೆಳೆದು ನಿಲ್ಲಿಸಿ ಬಿಟ್ಟಾಗ ಮದ್ದಿಗೆ ಕಿಡಿ ಹೊತ್ತಿಸುವ ಕೇಪಿನ ಮೇಲೆ ಬಡಿಯುವ ಸುತ್ತಿಗೆಯನ್ನು, ತೆಗೆದು ಒಳಗೆ ಸ್ಪ್ರಿಂಗಿನ ಮೊಳೆಯನ್ನಿಟ್ಟ. ಸ್ಕಾಟ್ಲೆಂಡಿನ ಅಲೆಕ್ಸಾಂಡರ್ ಹೆನ್ರಿ ಸುರುಳಿಗೀರಿನ ನಳಿಗೆ ಕೊಟ್ಟ. ಹೀಗೆ ಮೂರು ದೇಶದವರ ಕೈ ಸೇರಿ ಆದ ಮಾರ್ಟಿನಿ-ಹೆನ್ರಿ 1871ರಲ್ಲಿ ಬ್ರಿಟಿಷ್ ಸೈನ್ಯದ ರೈಫಲ್ ಆಯಿತು. ಭಾರತದ ದಂಡಿನ ಸಿಪಾಯಿಗಳಿಗೆ ಅದು ಬಂದದ್ದು ತಡವಾಗಿ. 1857ರ ಅನುಭವದ ತರುವಾಯ ದೇಶೀ ಪಲ್ಟನ್ನುಗಳ ಕೈಯಲ್ಲಿ ಯಾವಾಗಲೂ ಒಂದು ತಲೆಮಾರು ಹಿಂದಿನ ಬಂದೂಕೇ ಇರಬೇಕೆಂಬುದು ಸರ್ಕಾರದ ನೀತಿಯಾಗಿತ್ತು, ಗೋರಾ ಸೈನಿಕರಿಗೆ ಮಾರ್ಟಿನಿ ಬಂದಾಗ ಇವರಿಗೆ ಸ್ನೈಡರ್ ಉಳಿದಿತ್ತು.

ಸನ್ನೆಕೋಲು ಏಕೆ ಬೇಕಾಯಿತು ಎಂಬ ಪ್ರಶ್ನೆಗೆ ಉತ್ತರ ಹಾರಿಸಿದ ಬಳಿಕದ ಕ್ಷಣದಲ್ಲಿದೆ. ಕರಿಮದ್ದು ಉರಿದಾಗ ಅದರ ಅರ್ಧಕ್ಕಿಂತ ಹೆಚ್ಚು ಭಾಗ ಹಬೆಯಾಗದೆ ಮಸಿಯಾಗಿ, ಲವಣದ ಪುಡಿಯಾಗಿ ನಳಿಗೆಯೊಳಗೆ ಕೂರುತ್ತದೆ. ಬಿಸಿಗೆ ಉಬ್ಬಿದ ತೋಟಾ ಆ ಮಸಿಯಲ್ಲಿ ಕಚ್ಚಿಕೊಳ್ಳುತ್ತದೆ. ಅದನ್ನು ಬಿಡಿಸಲು ಬೆರಳಿನ ಬಲ ಸಾಲದು. ಕೈಹಿಡಿಯುವ ತುದಿಯಿಂದ ಕೀಲಿನವರೆಗೆ 15 ಸೆಂಟಿಮೀಟರ್, ಕೀಲಿನಿಂದ ತೋಟಾ ಎಳೆಯುವ ಕೊಕ್ಕೆಯವರೆಗೆ ಎರಡೂವರೆ ಸೆಂಟಿಮೀಟರ್ ಇರುವ ಸನ್ನೆಯೊಂದು, ಘರ್ಷಣೆಯನ್ನು ಬಿಟ್ಟರೆ, ಕೈಯ ಬಲವನ್ನು ಆರು ಪಟ್ಟು ಮಾಡುತ್ತದೆ ಎಂಬುದು ಶಾಲೆಯ ಪಾಠ. ಬಂದೂಕಿನ ಕೆಳಗಿನ ಕೋಲಿನ ಕೆಲಸದಲ್ಲಿ ದೊಡ್ಡ ಪಾಲು ಇದೇ. ಇದಕ್ಕೆ ಸಾಕ್ಷಿ ಬೇಕಿದ್ದರೆ ಮಾರ್ಟಿನಿಯ ಸನ್ನೆಯ ಉದ್ದವನ್ನೇ ನೋಡಬಹುದು. ತೆಳು ಹಿತ್ತಾಳೆಯ ಹಾಳೆಯನ್ನು ಸುರುಳಿ ಸುತ್ತಿ ಮಾಡಿದ ಅದರ ತೋಟಾಗಳು 1880ರ ದಶಕದ ಸುಡಾನ್ ಯುದ್ಧದಲ್ಲಿ ಬಿಸಿಲು, ಮರಳು, ಮಸಿಗಳ ನಡುವೆ ನಳಿಗೆಯಲ್ಲೇ ಸಿಕ್ಕಿಕೊಂಡು ಸೈನಿಕರನ್ನು ಕೈಸೋಲಿಸಿದವು. ಪರಿಹಾರವಾಗಿ ಗಟ್ಟಿ ಹಿತ್ತಾಳೆಯಲ್ಲಿ ಎಳೆದು ಮಾಡಿದ ತೋಟಾಗಳು ಬಂದವು, ನಂತರದ ಮಾರ್ಕ್ 4 ಮಾದರಿಯ ಸನ್ನೆಕೋಲು ಉದ್ದವಾಯಿತು.

ತೋಟಾದ ತಳದಲ್ಲಿ ಹೊರಚಾಚಿದ ಅಂಚೂ ಈ ಎರಡು ಬಗೆಯ ರೈಫಲ್‌ಗಳ ಸಾಮಾನ್ಯ ಆಸ್ತಿ. ನಳಿಗೆಯ ಬುಡದಲ್ಲಿ ತೋಟಾ ಎಷ್ಟು ಒಳಗೆ ಹೋಗಬೇಕೆಂಬುದನ್ನು ಆ ಅಂಚೇ ನಿಲ್ಲಿಸಿ ನಿರ್ಧರಿಸುತ್ತದೆ, ಹೊರಗೆಳೆಯುವ ಕೊಕ್ಕೆಗೆ ಹಿಡಿತವನ್ನೂ ಅದೇ ಕೊಡುತ್ತದೆ. ಬೆರಳಿನಿಂದ ಒಂದೊಂದೇ ತೋಟಾ ಇಡುವ ಒಂಟಿ ಗುಂಡಿನ ರೈಫಲಿಗೆ ಇದು ಅತ್ಯಂತ ಅನುಕೂಲ, ನಳಿಗೆಯ ಕೆಳಗಿನ ಕೊಳವೆಯಲ್ಲಿ ಒಂದರ ಹಿಂದೊಂದು ಮಲಗಿಸುವ ಲಿವರ್ ರೈಫಲಿಗೂ ತೊಂದರೆಯಿಲ್ಲ. ಹಿಡಿಯ ಮರ ಮತ್ತು ಮುಂಗೈ ಹಿಡಿಯುವ ಮರ ಎರಡು ಬೇರೆ ತುಂಡುಗಳಾಗಿರುವುದೂ ಎರಡರಲ್ಲಿ ಕಾಣುವ ಲಕ್ಷಣ. ಸನ್ನೆ, ಗಟ್ಟಿ, ಕುದುರೆ ಎಲ್ಲವನ್ನೂ ಹೊತ್ತ ಉಕ್ಕಿನ ಚೌಕಟ್ಟು ನಡುವೆ ಅಡ್ಡ ನಿಲ್ಲುವುದರಿಂದ ಬಾಯಿಂದ ತುಂಬುವ ಹಳೆಯ ಬಂದೂಕುಗಳಂತೆ ಇಡೀ ಉದ್ದಕ್ಕೆ ಒಂದೇ ಮರ ಹಾಯಿಸಲು ಜಾಗವಿರುವುದಿಲ್ಲ. ಹೊರಗೆ ಕಾಣುವ ಕುದುರೆ ಮಾರ್ಟಿನಿಯಂಥ ಕೆಲವನ್ನು ಬಿಟ್ಟರೆ ಹೆಚ್ಚಿನವುಗಳಲ್ಲಿ ಉಳಿದುಕೊಂಡಿತು, ಅದನ್ನು ಅರ್ಧ ಹಿಂದಕ್ಕೆಳೆದು ನಿಲ್ಲಿಸುವ ಕಚ್ಚೇ ಆ ಕಾಲದ ಸುರಕ್ಷೆಯ ವ್ಯವಸ್ಥೆ.

ಇಷ್ಟು ಹೋಲಿಕೆಯಿದ್ದರೂ ಮೊದಲ ತಲೆಮಾರಿನ ಲಿವರ್ ರೈಫಲ್‌ಗಳು ಮುಖ್ಯವಾದ ಒಂದು ವಿಷಯದಲ್ಲಿ ಬಡವಾಗಿದ್ದವು. ಬೆಂಜಮಿನ್ ಟೈಲರ್ ಹೆನ್ರಿಯ 1860ರ ರೈಫಲ್, ಅದರಿಂದ ಹುಟ್ಟಿದ 1866 ಮತ್ತು 1873ರ ವಿಂಚೆಸ್ಟರ್‌ಗಳು ಬುಡವನ್ನು ಅಗುಳಿಯಿಂದ ಮುಚ್ಚುತ್ತಿರಲಿಲ್ಲ. ಮೊಣಕೈಯಂತೆ ನಡುವೆ ಮಡಚುವ ಒಂದು ಕೀಲುಕೋಲು ನೆಟ್ಟಗಾದಾಗ ಬೋಲ್ಟ್ ಎಂಬ ಹಿಂದುಮುಂದೆ ಚಲಿಸುವ ಉಕ್ಕಿನ ದಂಡವನ್ನು ಆನಿಸಿ ಹಿಡಿಯುತ್ತಿತ್ತು. ಹಿಂದಕ್ಕೆ ಬರುವ ಬಲವೆಲ್ಲ ಸಣ್ಣ ಕೀಲುಗಳ ಮೇಲೆ ಬೀಳುತ್ತಿತ್ತು, ಹೀಗಾಗಿ ಅವು ಪಿಸ್ತೂಲಿಗೆ ತಕ್ಕ ಸಣ್ಣ ತೋಟಾಗಳಿಗೇ ಸೀಮಿತವಾದವು. ಪಶ್ಚಿಮ ಅಮೆರಿಕವನ್ನು ಗೆದ್ದ ಬಂದೂಕು ಎಂಬ 1873ರ ಮಾದರಿಯ ಬಿರುದು ಕಂಪನಿಯ ಪ್ರಚಾರ ವಿಭಾಗದ ಕೊಡುಗೆಯೇ ಹೊರತು ಇತಿಹಾಸಕಾರರದ್ದಲ್ಲ. ಕಾಡೆಮ್ಮೆಯನ್ನು ದೂರದಿಂದ ಹೊಡೆಯುವವರು ಆಗಲೂ ಶಾರ್ಪ್ಸ್‌ನಂಥ ಒಂಟಿ ಗುಂಡಿನ ರೈಫಲನ್ನೇ ಹಿಡಿಯುತ್ತಿದ್ದರು. 1877ರಲ್ಲಿ ಬಲ್ಗೇರಿಯದ ಪ್ಲೆವ್ನಾ ಮುತ್ತಿಗೆಯಲ್ಲಿ ತುರ್ಕಿ ಸೈನಿಕರು ರಷ್ಯನ್ನರನ್ನು ದೂರದಲ್ಲಿ ಪೀಬಾಡಿ-ಮಾರ್ಟಿನಿಯಿಂದಲೂ ಹತ್ತಿರ ಬಂದಾಗ 1866ರ ವಿಂಚೆಸ್ಟರ್‌ಗಳಿಂದಲೂ ಎದುರಿಸಿದ ರೀತಿ ಈ ಕೆಲಸದ ಹಂಚಿಕೆಯನ್ನು ಚೆನ್ನಾಗಿ ತೋರಿಸುತ್ತದೆ: ದೂರ ಮತ್ತು ಬಲ ಒಂದರ ಪಾಲು, ವೇಗ ಇನ್ನೊಂದರ ಪಾಲು.

ಈ ಎರಡು ಪಾಲುಗಳನ್ನು ಒಂದುಗೂಡಿಸಿದವನು ಯೂಟಾ ಪ್ರಾಂತದ ಆಗ್ಡೆನ್ ಊರಿನ ಬಂದೂಕು ಕಮ್ಮಾರನ ಮಗ ಜಾನ್ ಮೋಸೆಸ್ ಬ್ರೌನಿಂಗ್. 1879ರ ಅಕ್ಟೋಬರಿನಲ್ಲಿ, ಇನ್ನೂ ಇಪ್ಪತ್ತನಾಲ್ಕರ ಪ್ರಾಯದಲ್ಲಿ, ಆತ ನೇರ ಕೆಳಗೆ ಜಾರುವ ಗಟ್ಟಿಯುಳ್ಳ ಒಂಟಿ ಗುಂಡಿನ ರೈಫಲಿಗೆ ಹಕ್ಕುಪತ್ರ ಪಡೆದ. ತಮ್ಮಂದಿರ ಜೊತೆ ಸಣ್ಣ ಕಾರ್ಖಾನೆಯಲ್ಲಿ ಅದನ್ನು ಮಾಡಿ ಮಾರತೊಡಗಿದ. 1883ರಲ್ಲಿ ವಿಂಚೆಸ್ಟರ್ ಕಂಪನಿಯ ಥಾಮಸ್ ಬೆನೆಟ್ ರೈಲು ಹತ್ತಿ ಆಗ್ಡೆನ್‌ಗೆ ಬಂದು 8000 ಡಾಲರ್ ಕೊಟ್ಟು ಆ ಹಕ್ಕನ್ನು ಕೊಂಡ, ಅದೇ 1885ರ ಮಾದರಿಯ ಒಂಟಿ ಗುಂಡಿನ ವಿಂಚೆಸ್ಟರ್ ಆಯಿತು. ಒಂದೇ ವರ್ಷದ ಅಂತರದಲ್ಲಿ ಬ್ರೌನಿಂಗ್‌ನದೇ 1886ರ ಲಿವರ್ ರೈಫಲ್ ಹೊರಬಂತು. ಅದರಲ್ಲಿ ಮೊಣಕೈಯ ಕೀಲು ಹೋಗಿ, ಸನ್ನೆಯನ್ನು ಮುಚ್ಚಿದಾಗ ಬೋಲ್ಟಿನ ಎರಡೂ ಪಕ್ಕದಲ್ಲಿ ನೇರ ಮೇಲಕ್ಕೇರಿ ಚೌಕಟ್ಟಿಗೂ ಬೋಲ್ಟಿಗೂ ಅಡ್ಡ ಬೀಳುವ ಎರಡು ಉಕ್ಕಿನ ಪಟ್ಟಿಗಳು ಬಂದಿದ್ದವು. ಒಂಟಿ ಗುಂಡಿನ ರೈಫಲಿನಲ್ಲಿ ಬಾಗಿಲೂ ಅಗುಳಿಯೂ ಒಂದೇ ಗಟ್ಟಿಯಾಗಿದ್ದವು. ಇಲ್ಲಿ ಬೋಲ್ಟು ಬಾಗಿಲಾಯಿತು, ಪಟ್ಟಿಗಳು ಅಗುಳಿಯಾದವು. ತೋಟಾ ಕಾಯುವ ಕೊಳವೆಯೊಂದನ್ನು ಬದಿಗಿಟ್ಟು ನೋಡಿದರೆ ಎರಡು ಬಗೆಗಳ ನಡುವೆ ಆ ಹೊತ್ತಿಗೆ ಉಳಿದ ವ್ಯತ್ಯಾಸ ಇಷ್ಟೇ. .45-70ರಂಥ ದೊಡ್ಡ ತೋಟಾ, ಅಲ್ಲಿಯವರೆಗೆ ಒಂಟಿ ಗುಂಡಿನವಕ್ಕೆ ಮೀಸಲಾಗಿದ್ದುದು, ಈಗ ಲಿವರ್ ರೈಫಲಿಗೂ ಒಗ್ಗಿತು. ಬ್ರೌನಿಂಗ್ ಮುಂದೆ ಮೆಷಿನ್ ಗನ್, ಪಿಸ್ತೂಲುಗಳಿಂದ ಹೆಚ್ಚು ಹೆಸರು ಪಡೆದನಾದರೂ ಯಂತ್ರರಚನೆಯ ದೃಷ್ಟಿಯಿಂದ ಈ 1879–86ರ ಏಳು ವರ್ಷಗಳ ಕೆಲಸ ಅವುಗಳಿಗಿಂತ ಕಡಿಮೆ ತೂಕದ್ದಲ್ಲ.

ಕನ್ನಡ ಓದುಗರಿಗೆ ಈ ವಂಶದ ಒಂದು ಕುಡಿ ಹೆಸರಿನಿಂದ ಪರಿಚಿತ. ಬೆಂಗಳೂರಿನಲ್ಲಿ ನೆಲೆಸಿದ್ದ ಬೇಟೆಗಾರ ಕೆನೆತ್ ಆಂಡರ್ಸನ್ 1954ರ ತನ್ನ ಮೊದಲ ಪುಸ್ತಕದಿಂದ ಹಿಡಿದು ಹೊಸದುರ್ಗ–ಹೊಳಲ್ಕೆರೆ, ಎಮ್ಮೆದೊಡ್ಡಿ ಮುಂತಾದ ಕಡೆಯ ನರಭಕ್ಷಕಗಳ ಬಗ್ಗೆ ಬರೆದ ಕಥೆಗಳಲ್ಲಿ ಹಿಡಿದದ್ದು .405 ವಿಂಚೆಸ್ಟರ್, ಪೂರ್ಣಚಂದ್ರ ತೇಜಸ್ವಿಯವರ ‘ಕಾಡಿನ ಕಥೆಗಳು’ ಮಾಲೆಯ ಮೂಲಕ ಆ ರೈಫಲ್ ಕನ್ನಡಕ್ಕೂ ಬಂತು. ಅದು ಬ್ರೌನಿಂಗ್‌ನ 1895ರ ಮಾದರಿ. ಅದರ ಬುಡವನ್ನೂ ಬೋಲ್ಟಿನ ಹಿಂದೆ ಮೇಲಕ್ಕೇರುವ ಗಟ್ಟಿಯೇ ಹಿಡಿದಿದೆ, ಕುದುರೆ ಹೊರಗೇ ಇದೆ, ಮರ ಎರಡು ತುಂಡೇ. ಬದಲಾದದ್ದು ತೋಟಾ ಕಾಯುವ ಜಾಗ. ಕೊಳವೆಯಲ್ಲಿ ಒಂದರ ಮೂಗು ಮುಂದಿನದರ ಕೇಪಿಗೆ ತಗಲುವುದರಿಂದ ಮೊನಚು ಗುಂಡು ಬಳಸಿದರೆ ಜಿಗಿತಕ್ಕೆ ಕೇಪು ಸಿಡಿಯುವ ಅಪಾಯವಿದೆ, ಹಾಗಾಗಿ ಕೊಳವೆಯ ರೈಫಲ್‌ಗಳು ಚಪ್ಪಟೆ ಮೂಗಿನ ಗುಂಡಿಗೆ ಕಟ್ಟುಬಿದ್ದಿದ್ದವು. 1895ರ ಮಾದರಿಯಲ್ಲಿ ತೋಟಾಗಳು ಟ್ರಿಗರಿನ ಮುಂದಿನ ಪೆಟ್ಟಿಗೆಯಲ್ಲಿ ಒಂದರ ಮೇಲೊಂದು ಮಲಗುತ್ತವೆ. 1904ರಲ್ಲಿ ಅದಕ್ಕಾಗಿ ಬಂದ .405 ತೋಟಾ ಸುಮಾರು 19.4 ಗ್ರಾಮಿನ ಗುಂಡನ್ನು ಸೆಕೆಂಡಿಗೆ 670 ಮೀಟರ್ ವೇಗದಲ್ಲಿ ಬಿಡುತ್ತದೆ, ಅಂದರೆ ಬಾಯಿಯಲ್ಲಿ ಅದರ ಶಕ್ತಿ 4300 ಜೂಲ್‌ಗೂ ಮೇಲೆ. ಹುಲಿಯ ಮುಂದೆ ಅದು ಸಾಕೆಂಬುದರಲ್ಲಿ ಸಂಶಯವಿಲ್ಲ. ಆದರೆ ಆಂಡರ್ಸನ್‌ನ ಅಭಿಮಾನಿಗಳು ಅದಕ್ಕೆ ಆರೋಪಿಸುವ ಮಾಂತ್ರಿಕತೆಗೆ ಯಂತ್ರಶಾಸ್ತ್ರದಲ್ಲಿ ಆಧಾರವಿಲ್ಲ, ಕಾಡಿನಲ್ಲಿ ಮೊದಲ ಗುಂಡು ಎಲ್ಲಿ ಬೀಳುತ್ತದೆಂಬುದು ಹಿಂದಿರುವ ನಾಲ್ಕು ತೋಟಾಗಳಿಗಿಂತ ಹೆಚ್ಚಿನದು.

ಇಷ್ಟರಲ್ಲಿ ಕರಿಮದ್ದಿನ ಕಾಲ ಮುಗಿದಿತ್ತು. 1884ರಲ್ಲಿ ಫ್ರಾನ್ಸಿನ ಪಾಲ್ ವಿಯೆಲ್ ಹೊಗೆಯಿಲ್ಲದ ಮದ್ದನ್ನು ತಯಾರಿಸಿದ ಮೇಲೆ ಒತ್ತಡ ಒಂದೂವರೆ ಪಟ್ಟಿಗೂ ಮೇಲೆ ಏರಿತು, ಸೈನ್ಯಗಳು ಬೋಲ್ಟನ್ನು ತಿರುಗಿಸಿ ಅದರ ತುದಿಯ ಮುಳ್ಳುಗಳನ್ನು ಚೌಕಟ್ಟಿಗೆ ಸಿಕ್ಕಿಸುವ ಹೊಸ ಬಗೆಗೆ ಹೊರಳಿದವು. ಬಂಗಾಳದ ಈಶಾಪುರದ ಕಾರ್ಖಾನೆಯಲ್ಲಿ ತಯಾರಾಗಿ ದಶಕಗಟ್ಟಲೆ ನಮ್ಮ ಪೊಲೀಸರ ಹೆಗಲೇರಿದ .303 ರೈಫಲ್ ಆ ಬಗೆಯದು. ನೆಲಕ್ಕೆ ಬೋರಲಾಗಿ ಮಲಗಿದವನಿಗೆ ಕೆಳಕ್ಕೆ ತೆರೆಯುವ ಸನ್ನೆ ಮಣ್ಣಿಗೆ ತಾಗಿ ತೊಡಕಾಗುತ್ತಿದ್ದುದೂ, ತಿರುಗಿಸುವ ಬೋಲ್ಟಿನ ಬಿಡಿಭಾಗಗಳು ಕಡಿಮೆಯಿದ್ದುದೂ ಈ ಹೊರಳುವಿಕೆಗೆ ಕಾರಣ. ಆದರೂ ರಷ್ಯ ಮೊದಲ ಮಹಾಯುದ್ಧದಲ್ಲಿ ತನ್ನದೇ ಅಂಚಿನ ತೋಟಾಕ್ಕೆ ಹೊಂದಿಸಿದ ಸುಮಾರು ಮೂರು ಲಕ್ಷ 1895ರ ವಿಂಚೆಸ್ಟರ್‌ಗಳನ್ನು ತರಿಸಿಕೊಂಡಿತು.

ಬೇಟೆಯ ಮತ್ತು ಗುರಿಯ ಪಂದ್ಯದ ಜಗತ್ತಿನಲ್ಲಿ ಎರಡೂ ಬಗೆಗಳು ಉಳಿದವು, ಆದರೆ ಬೇರೆ ಬೇರೆ ದಾರಿಯಲ್ಲಿ. ಸ್ಕಾಟ್ಲೆಂಡಿನ ಜಾನ್ ಫಾರ್ಕ್ಯುಹರ್ಸನ್ 1872ರಲ್ಲಿ ಹಕ್ಕು ಪಡೆದ, ಭಾರತದ ಸಾಹೇಬರ ಶಿಕಾರಿಯಲ್ಲಿ ಮೆಚ್ಚುಗೆ ಗಳಿಸಿದ ಜಾರುಗಟ್ಟಿಯ ರಚನೆಯನ್ನು ಮಾದರಿಯಾಗಿಟ್ಟುಕೊಂಡು ಅಮೆರಿಕದ ವಿಲಿಯಂ ರೂಗರ್ 1967ರಲ್ಲಿ ನಂಬರ್ 1 ಎಂಬ ಒಂಟಿ ಗುಂಡಿನ ರೈಫಲನ್ನು ಮಾರುಕಟ್ಟೆಗೆ ತಂದ. ಹಿಂದುಮುಂದೆ ಸಾಗುವ ಬೋಲ್ಟ್ ಇಲ್ಲದ್ದರಿಂದ ಒಟ್ಟು ಉದ್ದ ಅಷ್ಟೇ ಇದ್ದರೂ ನಳಿಗೆಯನ್ನು ಸುಮಾರು ಒಂದು ಅಂಗೈಯಷ್ಟು ಹೆಚ್ಚು ಉದ್ದ ಇಡಬಹುದೆಂಬುದು ಈ ರಚನೆಯ ಲಾಭ, ಲಿವರ್ ರೈಫಲಿಗೆ ಇದು ಎಂದೂ ದಕ್ಕಲಿಲ್ಲ. ಅದೇ ಕಾಲದಲ್ಲಿ ಬ್ರೌನಿಂಗ್ ಹೆಸರಿನ ಕಂಪನಿ ತಂದ ಬಿಎಲ್‌ಆರ್ ಎಂಬ ಲಿವರ್ ರೈಫಲಿನಲ್ಲಿ ಕೆಳಗಿನ ಸನ್ನೆ ಹಲ್ಲುಗಾಲಿಗಳ ಮೂಲಕ ಬೋಲ್ಟನ್ನು ಸಾಗಿಸಿ ಅದರ ತಲೆಯನ್ನು ತಿರುಗಿಸುತ್ತದೆ. ಹೊರಗೆ ಹಳೆಯ ಕೋಲು ಉಳಿದಿದೆ, ಒಳಗೆ ಅಡ್ಡ ಅಗುಳಿಯ ಜಾಗವನ್ನು ಸೈನ್ಯದ ಬೋಲ್ಟಿನ ಮುಳ್ಳುಗಳು ಹಿಡಿದಿವೆ. ರೂಗರ್‌ನ ಜಾರುಗಟ್ಟಿಯಾದರೋ ಶಾರ್ಪ್ಸ್‌ನ ಕಾಲದಂತೆಯೇ ನೇರ ಕೆಳಗೆ ಇಳಿಯುತ್ತದೆ, ಮತ್ತು ಈ ಶತಮಾನದ ಆರಂಭದಲ್ಲಿ ಲಿವರ್ ರೈಫಲಿಗೆಂದು ಹುಟ್ಟಿದ್ದ .405 ತೋಟಾ ಮತ್ತೆ ತಯಾರಾಗತೊಡಗಿದಾಗ, ಅಂಚುಳ್ಳ ತೋಟಾಕ್ಕೆ ಆ ಬುಡ ಮೊದಲಿನಿಂದಲೂ ಹೇಳಿಮಾಡಿಸಿದಂತಿದ್ದುದರಿಂದ, ನಂಬರ್ 1 ಕೂಡ ಅದನ್ನು ಬಳಸುವ ರೂಪದಲ್ಲಿ ಬಂತು.